ಕಣ್ಣು ಬಿಡದ ಕಲ್ಲಿನ ಟೇಪು

ಶ್ರೀನಿವಾಸಪುರದಲ್ಲಿ ನಂದು ಮೈಕ್‌ಸೆಟ್ ಅಂಗಡಿ. ಮದುವೆ, ನಾಮಕರಣ, ಎಲೆಕ್ಷನ್, ಹನ್ನೊಂದನೇ ದಿನದ ಭಜನೆ, ಎಲ್ಲಕ್ಕೂ ನನ್ನ ಹಾರ್ನೇ ಕೂಗಬೇಕು. ಬಾಡಿಗೆ ಇಲ್ಲದ ದಿನ ರೇಡಿಯೋ ರಿಪೇರಿ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಸಂಗೀತ ಅಂದ್ರೆ ನನಗೆ ಒಂದು ಕಡೆ ಬಾಸು, ಇನ್ನೊಂದು ಕಡೆ ಟ್ರೆಬಲ್ಲು, ಮಧ್ಯೆ ವಾಲ್ಯೂಮು. ಆದ್ರೂ ಶಬ್ದದ ವಿಷಯದಲ್ಲಿ ಈ ಸುತ್ತಿನಲ್ಲಿ ನನ್ನನ್ನ ಹೆದರಿಸೋನು ಇನ್ನೂ ಹುಟ್ಟಿಲ್ಲ ಅಂತ ಜಂಭ ಇತ್ತು. ಆ ಜಂಭ ಒಂದು ಮಾವಿನ ಸೀಸನ್ನಿನ ಮಟಮಟ ಮಧ್ಯಾಹ್ನ ಇಳಿದುಹೋಯಿತು.

ಆಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ಕೋಲಾರದ ಗುಜರಿಯವನೊಬ್ಬ ಮಾವಿನ ಲಾರಿ ಹತ್ತಿ ಬಂದು, ಒಂದು ಹಳೇ ಸ್ಪೂಲ್ ಟೇಪ್‌ರೆಕಾರ್ಡರನ್ನ ನನ್ನ ಬೆಂಚಿನ ಮೇಲೆ ಕುಕ್ಕಿದ. ಸ್ಪೂಲ್ ಅಂದ್ರೆ ಕ್ಯಾಸೆಟ್ಟಿಗಿಂತ ಮುಂಚಿನದು. ಎರಡು ಚಕ್ರ, ಕಂದು ಬಣ್ಣದ ಟೇಪು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತೆ, ಮಧ್ಯೆ ಹೆಡ್ಡು ಅದನ್ನ ಓದುತ್ತೆ. ಆಗಲೇ ಮನೆಮನೆಗೂ ಕ್ಯಾಸೆಟ್ ಬಂದಿತ್ತು, ಇದನ್ನ ಮೂಸಿ ನೋಡೋರಿರಲಿಲ್ಲ. ಮೋಟರಾದ್ರೂ ಕೆಲಸಕ್ಕೆ ಬರಲಿ ಅಂತ ಇಟ್ಟುಕೊಂಡೆ.

ಮುಚ್ಚಳದ ಒಳಗಿನ ಸಂದಿಯಲ್ಲಿ ಒಂದು ಟೇಪು ಉಳಿದಿತ್ತು. ತೆಗೆದು ನೋಡ್ತೀನಿ, ಗೇಣಿಗೊಂದು ಅಂಟು. ಯಾರೋ ಕತ್ತರಿಸಿ ಕತ್ತರಿಸಿ ಮತ್ತೆ ಅಂಟಿಸಿದ್ದರು, ನೂರಾರು ಕಡೆ. ಯಾವನೋ ಕೈ ಪಳಗದವನು ಪದೇ ಪದೇ ಹರಿದುಕೊಂಡಿದ್ದಾನೆ ಅಂದುಕೊಂಡೆ. ಮೆಷೀನಿನ ಒಳಗೆ, ಹಳೇದನ್ನ ಅಳಿಸೋ ಹೆಡ್ಡಿಗೆ ಅಡ್ಡಲಾಗಿ, ಬೀಡಿ ಕಟ್ಟಿನ ಕಾಗದದ ಒಂದು ಚೂರು ಮಡಚಿ ಇಟ್ಟಿತ್ತು. ಅದನ್ನೂ ಕಸ ಅಂತ ಬಿಸಾಕಿದೆ. ಬೆಲ್ಟು ಬದಲಾಯಿಸಿ, ಎಣ್ಣೆ ಬಿಟ್ಟು, ಟೇಪು ಹಾಕಿದೆ.

ಮೊದಲು ಏನೂ ಇರಲಿಲ್ಲ, ಬರೀ ಸೊಂಯ್ ಅನ್ನೋ ಸದ್ದು. ಆಮೇಲೆ ನೆಲದ ಅಡಿಯಿಂದ ಬಂದ ಹಾಗೆ ಒಂದು ಗುಂಯ್. ದೊಡ್ಡ ಗಂಟೆ ಹೊಡೆದ ಮೇಲೆ ಬಾಲ ಉಳಿಯುತ್ತಲ್ಲ, ಆ ಬಾಲ ಮಾತ್ರ. ಹೊಡೆದ ಏಟು ಎಲ್ಲೂ ಇಲ್ಲ. ಅದು ಸಾಯುತ್ತೆ ಅಂತ ಕಾದೆ, ಸಾಯಲಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಬಂದು ನಿಂತಿತು. ಎರಡರ ನಡುವೆ ಏನೋ ನಡುಗೋಕೆ ಶುರುವಾಯಿತು. ಸ್ಕ್ರೂ ಹಾಕಿಟ್ಟ ತಗಡಿನ ತಟ್ಟೆ ತಾನಾಗೇ ಕಿರಿಕಿರಿ ಅನ್ನತೊಡಗಿತು. ಆಮೇಲೆ ಸಣ್ಣಗೆ, ಉದ್ದಕ್ಕೆ, ಬಾಯಿ ಮುಚ್ಚಿಕೊಂಡು ಹೆಂಗಸೊಬ್ಬಳು ಅಳೋ ಥರದ್ದು. ಕಾಲು ಗಂಟೆ ಆದಮೇಲೆ ಅದರ ಒಳಗಿಂದ ಒಂದು ಗುರುಗುರು ದನಿ ಎದ್ದಿತು. ಅದು ಮಾತಾಡ್ತಿತ್ತು. ಮಾತಿನ ಏರಿಳಿತ ಇತ್ತು, ನಿಲ್ಲೋದಿತ್ತು, ಮತ್ತೆ ಶುರು ಮಾಡೋದಿತ್ತು, ಆದ್ರೆ ಒಂದು ಅಕ್ಷರವೂ ಅರ್ಥ ಆಗ್ತಿರಲಿಲ್ಲ.

ರಿಪೇರಿಗೆ ಕೊಟ್ಟ ಟ್ರಾನ್ಸಿಸ್ಟರ್ ಒಯ್ಯೋಕೆ ಆಂಧ್ರದ ಕಡೆಯ ಮಾವಿನ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತಿದ್ದ. "ಏಮಿ ಸಾಮೀ, ಎವರ್ನೈನಾ ಪೂಡ್ಚಿಪೆಟ್ಟಿನಾರಾ ಇಕ್ಕಡ?" ಅಂದ. ಇಲ್ಲಿ ಯಾರನ್ನಾದ್ರೂ ಹೂತಿಟ್ಟಿದೀರಾ ಅಂತ. ನಗ್ತಾ ಕೇಳಿದ್ದಲ್ಲ. ಟ್ರಾನ್ಸಿಸ್ಟರ್ ತಗೊಳ್ಳದೇ ಹೋದ. ನಾನು ಸ್ವಿಚ್ ಆರಿಸಲಿಲ್ಲ, ಪ್ಲಗ್ಗನ್ನೇ ಕಿತ್ತೆ. ಹೆದರಿದ್ದೆ, ಒಪ್ಕೋತೀನಿ. ಸುತ್ತ ಅಷ್ಟು ಬಿಸಿಲಿದ್ದರೂ ಅಂಗಡಿ ಒಳಗೆ ಕೂರೋಕಾಗದೆ ಹೊರಗಿನ ಕಟ್ಟೆ ಮೇಲೆ ಕೂತು ಬೀಡಿ ಸೇದಿದೆ.

ಊಟಕ್ಕೆ ಕೂತಾಗ ಹೆಂಡತಿ ಹತ್ರ ಹೇಳಿದೆ. ಅವಳು, "ಊರಿಗೆಲ್ಲ ಕಿವಿ ಕಿವುಡು ಮಾಡೋ ಮನುಷ್ಯ, ಒಂದು ಟೇಪಿಗೆ ಹೆದರ್ತೀರಾ? ನಾನೂ ಕೇಳಬೇಕು, ನಡೀರಿ" ಅಂದಳು. ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ಪೂರ್ತಿ ತೆಗೆದಿಟ್ಟು, ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲಿಂದ ಕೊನೆಯವರೆಗೆ ಹಾಕಿದೆ. ಅರ್ಧ ಗಂಟೆಯ ಮೇಲಿತ್ತು. ಕೊನೆಯಲ್ಲಿ ಮೂರು ಗುಂಯ್, ಒಂದಕ್ಕಿಂತ ಒಂದು ಉದ್ದ, ಆಮೇಲೆ ಬರೀ ಸೊಂಯ್. ನನ್ನ ಕೈ ಪ್ಲಗ್ಗಿನ ಮೇಲೇ ಇತ್ತು. ಅವಳು ಸೆರಗು ಹೊದ್ದು ಕೂತಿದ್ದಳು, ಮೈಮೇಲಿನ ಕೂದಲು ನೆಟ್ಟಗೆ ನಿಂತಿತ್ತು.

"ಇದು ಗಾಳಿ ಅಲ್ಲ ಕಣ್ರೀ," ಅಂದಳು. "ಯಾರೋ ಕೂತು ಯೋಚನೆ ಮಾಡಿ ಮಾಡಿರೋದು. ರಂಗೋಲಿ ಎಳೆ ಥರ ಎಲ್ಲೆಲ್ಲೋ ಹೋಗಿ ಮತ್ತೆ ಅದೇ ಚುಕ್ಕಿಗೆ ಬರುತ್ತೆ."

ನನಗೆ ರಂಗೋಲಿ ಗೊತ್ತಿಲ್ಲ, ಟೇಪು ಗೊತ್ತು. ಹೆಡ್ಡಿನ ಕೆಳಗೆ ಹಾಸಿದ್ದ ಬಿಳೀ ಬಟ್ಟೆ ಮೇಲೆ ಕಂದು ಪುಡಿ ಉದುರಿತ್ತು. ಶಬ್ದ ಇರೋದೇ ಆ ಪುಡೀಲಿ. ಅಂಟುಗಳೂ ಒಣಗಿ ಹಪ್ಪಳ ಆಗಿದ್ದವು. ಎರಡು ಸಲ ಹಾಕಿದ್ದಕ್ಕೇ ಇಷ್ಟು ಉದುರಿದ್ರೆ ಇನ್ನೊಂದು ಸಲಕ್ಕೆ ಬಂದೀತು, ಅದೂ ನಿಧಾನಕ್ಕೆ, ಹಿಂದೆ ಮುಂದೆ ಓಡಿಸದೇ ಹಾಕಿದ್ರೆ. ಅಂಥ ಟೇಪನ್ನ ಓಡಿಸಬಾರದು ಅನ್ನೋದು ನಮ್ಮ ಕಸುಬಿನಲ್ಲಿ ಮೊದಲ ಪಾಠ.

ಆಗ ಕಣ್ಣಿಗೆ ಬಿದ್ದಿದ್ದು ವೇಗದ ಗುಂಡಿ. ಆ ಮೆಷೀನಿಗೆ ಎರಡು ವೇಗ, ಒಂದು ಇನ್ನೊಂದರ ಎರಡರಷ್ಟು. ನಾನು ನಿಧಾನದ್ದರಲ್ಲಿ ಹಾಕಿದ್ದೆ. ಗುರುಗುರು ದನಿ ಇದ್ದ ಜಾಗವನ್ನ ಕೈಯಿಂದ ಮೆತ್ತಗೆ ಚಕ್ರ ತಿರುಗಿಸಿ ಹುಡುಕಿ, ಒಂದು ನಿಮಿಷ ಮಾತ್ರ ಜೋರು ವೇಗದಲ್ಲಿ ಹಾಕಿ ನೋಡಿದೆ. ಗುಂಯ್ ಅನ್ನೋದು ಟಣ್ ಅಂತಾಯಿತು. ಅಳು ಅನ್ನಿಸಿದ್ದು ಉಳಿ ಮಸೆಯೋ ಸದ್ದಾಯಿತು. ಹಿಂದೆ ಹತ್ತಾರು ಉಳಿಗಳು ಟಕಟಕ ಅಂತಿದ್ದವು. ಗುರುಗುಟ್ಟಿದ್ದು ಒಬ್ಬ ಮುದುಕರು. ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗೆ ಹೇಳ್ತಿದ್ದರು: "ಕೇಳ್ತು ಬಿಡಮ್ಮ. ಒಳಗಡೆ ಒಡಕಿದೆ. ನಂಗೂ ಕೇಳ್ತು. ನೀನು ಯಾರ ಮುಂದೇನೂ ಬಾಯಿ ಬಿಡಬೇಡ."

ಅಷ್ಟು ಉಳಿ ಒಟ್ಟಿಗೆ ಕೂಗೋ ಊರು ನಮ್ಮ ಸೀಮೇಲಿ ಇನ್ನೆಲ್ಲಿದೆ? ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಊರಿಗೆ ಊರೇ ದೇವರ ವಿಗ್ರಹ ಕೆತ್ತೋರು. ಹೆಂಡತಿ, "ಯಾರ ಮನೆ ಮಾತೋ, ನಮ್ಮಂಗಡೀಲಿ ಇರೋದು ಬೇಡ, ಕೊಟ್ಟು ಬನ್ನಿ" ಅಂದಳು. ಆ ಮುದುಕರ ಮಾತು ಕೇಳಿದಾಗಿಂದ ನನಗೂ ಅನ್ನ ಸೇರ್ತಿರಲಿಲ್ಲ. ಕೋಲಾರದಲ್ಲಿ ಬಸ್ ಬದಲಾಯಿಸಿ, ವಕ್ಕಲೇರಿ ದಾಟಿ, ಹಾಲಿನ ಕ್ಯಾನುಗಳ ನಡುವೆ ಕಾಲಿಡೋಕೆ ಜಾಗ ಇಲ್ಲದೆ ಕಂಡಕ್ಟರ್ ಜೊತೆ ಜಗಳ ಆಡಿ, ಅಡ್ಡರಸ್ತೇಲಿ ಇಳಿದು ನಡೆದೆ.

ಬೀದಿಯ ಎರಡೂ ಕಡೆ ಶೆಡ್ಡುಗಳು, ಶೆಡ್ಡುಗಳ ಮುಂದೆ ಅರ್ಧ ಆದ ದೇವರುಗಳು. ಕೈ ಇದೆ, ಕಿರೀಟ ಇದೆ, ಮುಖದಲ್ಲಿ ಕಣ್ಣಿಲ್ಲ. ಕಣ್ಣು ತೆರೆಯೋದು ಕೊನೆಯ ಕೆಲಸ. ಅದಕ್ಕೆ ಮುಹೂರ್ತ ಇಡ್ತಾರೆ, ಅಲ್ಲಿವರೆಗೂ ಅದು ಬರೀ ಕಲ್ಲು. ಮೊದಲನೇ ಶೆಡ್ಡಿನಲ್ಲಿ, "ಈ ಊರಲ್ಲಿ ಯಾರ ಹತ್ರ ಸ್ಪೂಲ್ ಟೇಪ್‌ರೆಕಾರ್ಡರ್ ಇತ್ತು?" ಅಂತ ಕೇಳಿದೆ. ಅಲ್ಲಿ ಕೆತ್ತುತ್ತಿದ್ದವನ ಉಳಿ ನಿಂತಿತು. ಅವನ ಪಕ್ಕದವನದ್ದು ನಿಂತಿತು. ಆಮೇಲೆ ಎದುರು ಶೆಡ್ಡಿನದ್ದು, ಅದರಾಚೆಯದ್ದು. ನಾನು ಅಲ್ಲೇ ನಿಂತಿದ್ದ ಹಾಗೆ ಇಡೀ ಬೀದಿ ಸುಮ್ಮನಾಯಿತು. ಒಬ್ಬ ಮುದುಕ, "ಅದು ಇನ್ನೂ ಇದೆಯಾ?" ಅಂದ, ಗದ್ದದಿಂದ ಕೊನೇ ಮನೆ ತೋರಿಸಿದ.

ಹಿತ್ತಲ ಕಡೆಯ ಕೋಣೆಯಲ್ಲಿ ಒಬ್ಬ ಹೆಂಗಸು ಹುಣಸೆಹಣ್ಣಿನ ನಾರು ಬಿಡಿಸ್ತಾ ಕೂತಿದ್ದರು. ಐವತ್ತು ದಾಟಿರಬೇಕು, ಗಂಡನಿಲ್ಲದವರು. ನನ್ನ ಮುಖ ನೋಡಲಿಲ್ಲ, ನನ್ನ ಕೈಲಿದ್ದ ಟೇಪು ನೋಡಿದರು. ಕೈ ಒರೆಸಿಕೊಂಡು ಅದನ್ನ ಇಸ್ಕೊಂಡು ಮೂಗಿನ ಹತ್ರ ಹಿಡಿದು ಮೂಸಿದರು.

"ಇದು ಕೆರೆಗೆ ಹೋಗಲಿಲ್ವಾ?" ಅಂದರು.

ನಾನು ಹೊಸಿಲ ಮೇಲೆ ಕೂತೆ. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಯಾಕಂದ್ರೆ ಅವರು ಒಂದು ಮಾತಾಡಿ ಎರಡು ಹುಣಸೆಹಣ್ಣು ಬಿಡಿಸೋರು.

ಕಲ್ಲು ತರೋ ಮುಂಚೆ ಅದನ್ನ ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಗಂಡು ಕಲ್ಲು ಗಂಟೆ ಹಾಗೆ ಕೂಗುತ್ತೆ, ಹೆಣ್ಣು ಕಲ್ಲು ಕಂಚಿನ ತಟ್ಟೆ ಹಾಗೆ, ಎರಡೂ ಅಲ್ಲದ್ದು ಕೂಗೋದೇ ಇಲ್ಲ. ಒಳಗೆ ಒಡಕಿದ್ರೆ ಕೂಗಿದ್ದು ಅರ್ಧಕ್ಕೇ ಮುರಿದು ವಾಪಸ್ ಬರುತ್ತೆ. ಇವರ ತಂದೆ ಊರಿಗೇ ದೊಡ್ಡ ಆಚಾರಿ. ಮಗಳಿಗೆ ಏಳೋ ಎಂಟೋ ವರ್ಷ ಇದ್ದಾಗಲೇ ಅವಳ ಕಿವಿ ತನ್ನದಕ್ಕಿಂತ ಚುರುಕು ಅಂತ ಕಂಡುಕೊಂಡು, ಅವಳು ತಟ್ಟದೆ ಒಂದು ಕಲ್ಲನ್ನೂ ಗಾಡಿಗೆ ಏರಿಸ್ತಿರಲಿಲ್ಲವಂತೆ. ಕೆ.ಜಿ.ಎಫ್. ಕಡೆಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕೊಟ್ಟು ಮದುವೆ ಆಯಿತು. ಊರು ಬಿಟ್ಟು ಹೋಗ್ತಿದ್ದ ದೊಡ್ಡ ಅಧಿಕಾರಿ ಯಾರಿಂದಲೋ ಆತ ಈ ಮೆಷೀನು ಕೊಂಡು, ಹೆಂಡತಿಗೂ ನಡೆಸೋದು ಕಲಿಸಿದ್ದರು. ಜ್ವರಕ್ಕೆ ಹೋಗಿಬಿಟ್ಟರು. ಈಕೆ ಒಂದು ಟ್ರಂಕು, ಒಂದು ಮೆಷೀನು ತಗೊಂಡು ತೌರಿಗೆ ಬಂದರು. ಅರವತ್ತರ ದಶಕದ ಕೊನೆ ಅದು.

"ಬೇಜಾರಿಗೆ ಒಂದಿನ ಕಲ್ಲಿನ ಸದ್ದು ಹಿಡಿದೆ," ಅಂದರು. "ನಿಧಾನದ ಗುಂಡಿ ಒತ್ತಿದೆ. ಒಂದು ಏಟು ಅಷ್ಟುದ್ದ ಆಯ್ತು. ಅದರೊಳಗೆ ನಾಕೈದು ಸ್ವರ ಇದ್ವು, ಕಿವಿಗೆ ಸಿಗದೇ ಇರೋವು. ಕಲ್ಲಿನ ಒಳಗಡೆ ಒಂದು ಮನೆ ಇದ್ದ ಹಾಗೆ ಅನ್ನಿಸ್ತು."

ಆಮೇಲೆ ನಿಲ್ಲಿಸಲಿಲ್ಲ. ಬ್ಲೇಡಿನಿಂದ ಕತ್ತರಿಸೋರು, ಏಟು ತೆಗೆದು ಬಾಲ ಇಟ್ಟುಕೊಳ್ಳೋರು, ಅಂಟಿಸೋರು. ಒಂದರ ಮೇಲೊಂದು ಸದ್ದು ಕೂರಿಸೋಕೆ ಅಳಿಸೋ ಹೆಡ್ಡಿಗೆ ಬೀಡಿ ಕಟ್ಟಿನ ಕಾಗದ ಅಡ್ಡ ಇಡೋರು. ನಾನು ಕಸ ಅಂತ ಬಿಸಾಕಿದ್ದೆನಲ್ಲ, ಅದು. ಕೇಳಿ ನನಗೆ ನಾಚಿಕೆ ಆಯಿತು. ಹದಿನೈದು ವರ್ಷ ಕಸುಬು ಮಾಡಿದ ನನಗೆ ಹೊಳೆಯದೇ ಇದ್ದ ಉಪಾಯ ಈಯಮ್ಮನಿಗೆ ಒಲೆ ಮುಂದೆ ಕೂತು ಹೊಳೆದಿತ್ತು.

"ಪ್ರಪಂಚದಲ್ಲಿ ಬೇರೆ ಯಾರಾದ್ರೂ ಹಿಂಗೆ ಮಾಡ್ತಾರೇನಪ್ಪ?" ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಎಷ್ಟೋ ವರ್ಷದ ಮೇಲೆ ರೇಡಿಯೋದಲ್ಲಿ ಯಾರೋ ಹೇಳ್ತಿದ್ದರು, ಫಾರಿನ್ನಿನಲ್ಲಿ ದೊಡ್ಡ ದೊಡ್ಡ ಮೆಷೀನಿಟ್ಟುಕೊಂಡು ಓದಿದವರು ಇದೇ ಕೆಲಸ ಮಾಡ್ತಿದ್ದರಂತೆ, ಬ್ಲೇಡು ಟೇಪು ಹಿಡಿದುಕೊಂಡೇ. ಅವರ ಹೆಸರೆಲ್ಲ ಪುಸ್ತಕದಲ್ಲಿದೆಯಂತೆ. ನಾನು ಆ ರೇಡಿಯೋ ಆರಿಸಿಬಿಟ್ಟೆ.

ಅನಾಹುತ ಆಗಿದ್ದು ಒಂದು ಅಮ್ಮನವರ ವಿಗ್ರಹದಿಂದ. ಮುಳಬಾಗಿಲು ಕಡೆಯ ಹಳ್ಳಿಯೊಂದಕ್ಕೆ ಮಾಡಿದ್ದು. ಕಲ್ಲು ಬಂದ ದಿನವೇ ಈಕೆ ತಟ್ಟಿದರು, ಟೇಪು ಓಡ್ತಿತ್ತು. ಒಡಕಿದೆ ಅಂದರು. ತಂದೆಗೂ ಕೇಳಿತ್ತು. ಆದ್ರೆ ಅಷ್ಟೊತ್ತಿಗೆ ಆ ಹಳ್ಳಿಯವರು ಮುಹೂರ್ತ ಇಟ್ಟು, ನೆಂಟರಿಗೆಲ್ಲ ಹೇಳಿಕಳಿಸಿ ಆಗಿತ್ತು; ಬೇರೆ ಕಲ್ಲು ಹುಡುಕೋಕೆ ದಿನ ಇರಲಿಲ್ಲ. ತಂದೆ ಬಾಯಿ ಬಿಡಬೇಡ ಅಂದುಬಿಟ್ಟರು. ಆಯಿತು, ಕೆತ್ತಿದರು. ಆ ಹಳ್ಳಿಯವರು ಓಲಗದ ಸಮೇತ ಬಂದು ನಿಂತಿದ್ದಾಗ, ಕಣ್ಣು ತೆರೆಯೋಕೆ ತಂದೆ ಸಣ್ಣ ಉಳಿ ಇಟ್ಟು ಒಂದೇ ಏಟು ಹಾಕಿದರು. ಎಡಗಣ್ಣಿಂದ ಸೊಂಟದವರೆಗೆ ಬಿರುಕು ಬಿಟ್ಟಿತು.

ಈ ಮಗಳು ವರ್ಷಗಟ್ಟಲೆ ಕಲ್ಲುಗಳ ನಾದವನ್ನ ಮೆಷೀನಿಗೆ ಎಳೆದುಕೊಂಡಿದ್ದಾಳೆ, ನಾದ ಹೋದ ಕಲ್ಲು ಟೊಳ್ಳು, ಟೊಳ್ಳು ಕಲ್ಲು ಒಡೆಯದೆ ಏನು ಮಾಡುತ್ತೆ? ಹೀಗಂತ ಯಾರೋ ಒಬ್ಬರು ಅಂದರು, ಊರೆಲ್ಲ ಹೌದು ಅಂತು. ನಗಬೇಡಿ. ಕಲ್ಲಿಗೆ ಜೀವ ಇರೋದು ಅದರ ಕೂಗಲ್ಲಿ ಅಂತ ಹುಟ್ಟಿದಾಗಿಂದ ನಂಬಿದವರಿಗೆ, ಆ ಕೂಗನ್ನ ಡಬ್ಬಿಯಿಂದ ಕೇಳಿದ್ರೆ ಇನ್ನೇನು ಅನ್ನಿಸಬೇಕು? ಭಿನ್ನವಾದ ವಿಗ್ರಹವನ್ನ ಮನೇಲಿ ಇಡೋ ಹಾಗಿಲ್ಲ, ನೀರಿಗೆ ಬಿಡಬೇಕು. ನಾದ ಟೇಪಿನಲ್ಲಿದೆ ಅಂದಮೇಲೆ ಟೇಪೂ ಆ ವಿಗ್ರಹದ ಭಾಗವೇ ಅಲ್ಲವಾ? ಒಂದು ಬುಟ್ಟಿ ಟೇಪಿಗೆ ಅರಿಶಿನ ಕುಂಕುಮ ಹಾಕಿ, ವಿಗ್ರಹದ ಜೊತೆಗೇ ಕೆರೆಗೆ ಬಿಟ್ಟರು. ಮರ್ಯಾದೆಯಿಂದಲೇ ಬಿಟ್ಟರು. ಆಮೇಲೆ ಎಷ್ಟೋ ವರ್ಷ ಆ ಮೂಲೆಯಲ್ಲಿ ಯಾರೂ ನೀರು ಮೊಗೀತಿರಲಿಲ್ಲ. ಬಿಂದಿಗೆ ಮುಳುಗಿಸಿದ್ರೆ ಒಳಗೆ ಗುಂಯ್ ಅನ್ನುತ್ತೆ ಅನ್ನೋರು. ಮೆಷೀನನ್ನ ಈಕೆಯ ತಮ್ಮ ಗುಜರಿಗೆ ಹಾಕಿದ. ಮುಚ್ಚಳದ ಸಂದೀಲಿದ್ದ ಒಂದು ಟೇಪು ಯಾರಿಗೂ ಕಾಣಲಿಲ್ಲ.

"ನಿಮ್ಮ ತಂದೆ ಏನಂದ್ರು?" ಅಂತ ಕೇಳಿದೆ.

"ಸುಮ್ನಿದ್ರು."

ಸುಮ್ಮನಿದ್ದೇ ಸತ್ತರಂತೆ, ಮೂರು ವರ್ಷದ ಮೇಲೆ. ಈಕೆಯ ಕೈಗೆ ಸುತ್ತಿಗೆ ಕೊಡೋದಿರಲಿ, ಶೆಡ್ಡಿನ ಒಳಗೆ ಕಾಲಿಡೋಕೂ ಬಿಡಲಿಲ್ಲ, ಹದಿಮೂರು ಹದಿನಾಲ್ಕು ವರ್ಷ. ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲಮ್ಮಾ, ಅವರ ಮಾತು ಇದರಲ್ಲೇ ಇದೆ. ನಾನೇ ಕೇಳಿದೀನಿ. ಇದೊಂದು ಹಾಕಿದ್ರೆ ಎಲ್ಲರ ಬಾಯಿ ಮುಚ್ಚುತ್ತೆ."

ಆಗ ಮೊದಲ ಸಲ ನನ್ನ ಮುಖ ನೋಡಿದರು. "ನಾನು ಅದಕ್ಕೆ ಇಟ್ಟಿದ್ದಲ್ಲ ಕಣಪ್ಪ. ಅಪ್ಪನ ದನಿ ಆ ಕಲ್ಲಿನ ಶ್ರುತೀಲೇ ಇತ್ತು. ನಿಧಾನ ಮಾಡಿದ್ರೆ ಎರಡೂ ಒಂದೇ. ಎಲ್ಲಿ ಕಲ್ಲು ಮುಗೀತು, ಎಲ್ಲಿ ಅಪ್ಪ ಶುರುವಾದ್ರು ಗೊತ್ತಾಗಲ್ಲ. ಅದಕ್ಕೆ ಇಟ್ಟೆ."

ಕೊನೆಯ ಅಂಟು ಹಾಕಿದ್ದು ಕಣ್ಣು ತೆರೆಯೋ ಹಿಂದಿನ ದಿನವಂತೆ. ಅಲ್ಲಿವರೆಗೆ ಚೂರು ಚೂರಾಗಿ ಕೇಳಿದ್ದರು, ಪೂರ್ತಿ ಒಂದು ಸಲವೂ ಕೇಳಿರಲಿಲ್ಲ. ನಾಳೆ ಕೆಲಸ ಮುಗಿದ ಮೇಲೆ ಕೇಳೋಣ ಅಂತ ಮುಚ್ಚಳದಲ್ಲಿ ಇಟ್ಟಿದ್ದರು. ಅವರಿಗೆ ಬೇಕಾಗಿದ್ದು ಅಷ್ಟೇ: ಮೊದಲಿಂದ ಕೊನೆಯವರೆಗೆ ಒಂದು ಸಲ. ಒಬ್ಬರೇ ಅಲ್ಲ, ಶೆಡ್ಡಿನಲ್ಲಿ, ಕೆತ್ತೋರ ಜೊತೆ ಕೂತು. "ಕಿವಿ ಇರೋರು ಅವರೇ ಕಣಪ್ಪ. ಅವರಿಗೆ ಮಾಡಿದ್ದು," ಅಂದರು.

ಟೇಪಿನ ಸ್ಥಿತಿ ಹೇಳಿದೆ. ಒಂದೇ ಸಲ, ಹೆಚ್ಚಿಗೆ ತಡೆಯಲ್ಲ. ಆ ಒಂದು ಸಲ ನಾನೇ ಬಂದು ಹಾಕ್ತೀನಿ, ಪಕ್ಕದಲ್ಲಿ ಒಂದು ಕ್ಯಾಸೆಟ್ ಮೆಷೀನೂ ಇಟ್ಟು ಹಿಡಿದುಕೊಳ್ತೀನಿ, ಆಮೇಲೆ ನೀವು ಬೇಕಾದಷ್ಟು ಸಲ ಕೇಳಿ ಅಂದೆ. ನನ್ನ ಕೈ ಮೇಲೆ ಕೈ ಇಟ್ಟು ಮಾತು ತಗೊಂಡರು.

ಅಮಾವಾಸ್ಯೆ ದಿನ ಅಲ್ಲಿ ಉಳಿ ಮುಟ್ಟಲ್ಲ. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಂತ ಗೊತ್ತುಮಾಡಿದೆವು. ಆಕೆಯ ತಮ್ಮ ಒಪ್ಪಿರಲಿಲ್ಲ. ಈಗ ಶೆಡ್ಡು ಅವನದೇ, ಅವನೂ ಒಳ್ಳೇ ಕೆಲಸಗಾರ, ಮುಖದಲ್ಲಿ ನಗು ಅನ್ನೋದಿಲ್ಲ. ಆದ್ರೆ ಹಿರಿಯ ಆಚಾರಿಗಳು ಇಷ್ಟು ವರ್ಷ ಅದೇನಿತ್ತೋ ಅಂತ ಒಳಗೊಳಗೇ ಕೊರೆದುಕೊಂಡಿದ್ದರು, ಹಾಕಲಿ ಬಿಡು ಅಂದರು. ಇಪ್ಪತ್ತು ಜನ ಚಾಪೆ ಮೇಲೆ ಕೂತರು. ಸುತ್ತ ಗೋಡೆಗೆ ಒರಗಿಸಿದ ಹನ್ನೆರಡು ಹದಿಮೂರು ವಿಗ್ರಹ, ಯಾವುದಕ್ಕೂ ಕಣ್ಣಿಲ್ಲ. ಆಕೆ ಬಾಗಿಲ ಹತ್ರದ ಕಂಬಕ್ಕೆ ಒರಗಿ ಕೂತರು. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿದ್ದರು. ಕೈ ಎರಡೂ ಮಡಿಲಲ್ಲಿದ್ದವು.

ಹಾಕಿದೆ. ಸೊಂಯ್. ಆಮೇಲೆ ಆ ಮೊದಲ ಗುಂಯ್.

ನನ್ನ ಅಂಗಡೀಲಿ ತಗಡಿನ ತಟ್ಟೆ ನಡುಗಿತ್ತು. ಇಲ್ಲಿ ನಡುಗಿದ್ದು ಬೇರೆ. ಎರಡನೇ ಸ್ವರ ಬಂದು ಪಕ್ಕ ನಿಂತಾಗ, ಮೂಲೆಯಲ್ಲಿದ್ದ ಒಂದು ಕಲ್ಲು ಮೆಲ್ಲಗೆ ದನಿಗೂಡಿಸಿತು. ಯಾರೂ ತಟ್ಟಿರಲಿಲ್ಲ. ಆಮೇಲೆ ಇನ್ನೊಂದು. ಅದರ ಪಕ್ಕ ಕೂತಿದ್ದ ಹಿರಿಯರು ಒಂದು ಅರ್ಧ ಆದ ನಂದಿ ಮೇಲೆ ಅಂಗೈ ಇಟ್ಟು, ಕೆಂಡ ಮುಟ್ಟಿದವರ ಹಾಗೆ ಹಿಂದಕ್ಕೆ ಎಳೆದುಕೊಂಡರು, ಮತ್ತೆ ಮೆತ್ತಗೆ ಇಟ್ಟರು. ಅವರು ಕೇಳ್ತಿದ್ದರು. ಇಪ್ಪತ್ತು ಜನವೂ ಕಲ್ಲು ತಟ್ಟಿ ಕಾಯೋವಾಗ ಹೇಗೆ ತಲೆ ಒಂದು ಕಡೆ ವಾಲಿಸ್ತಾರೋ ಹಾಗೆ ವಾಲಿಸಿ ಕೂತಿದ್ದರು. ಭಯ ಆಗ್ತಿತ್ತು, ಆದ್ರೆ ಎದ್ದು ಹೋಗೋ ಭಯ ಅಲ್ಲ. ಆಕೆ ಕಣ್ಣು ಮುಚ್ಚಿದ್ದರು.

ನಾಲ್ಕು ನಿಮಿಷ ಆಗಿರಬೇಕು. ತಮ್ಮ ಎದ್ದು ನಿಂತ. "ನಿಲ್ಸಯ್ಯ ಸಾಕು. ನಮ್ಮಪ್ಪನ್ನ ತಿಂದಿದ್ದು ಇದೇ. ಕಲ್ಲಿನ ಜೀವ ಕದ್ದು ಮನೆ ಮುಳುಗಿಸಿದಳು, ಈಗ ಊರು ಕರೆದು ಕೇಳಿಸ್ತಾಳಂತೆ. ಇನ್ನೂ ಯಾರನ್ನ ತಿನ್ನಬೇಕಂತೆ ಇವಳಿಗೆ?"

ಆಕೆ ಕಣ್ಣು ಬಿಡಲಿಲ್ಲ. ಮಡಿಲಿಂದ ಒಂದು ಕೈ ಎತ್ತಿ, ನನ್ನ ಕಡೆಗೆ, ಓಡಲಿ ಬಿಡು ಅನ್ನೋ ಹಾಗೆ ಸನ್ನೆ ಮಾಡಿದರು. ನಾನು ಅದನ್ನ ನೋಡಿದೆ. ನೋಡಲಿಲ್ಲ ಅಂತ ಇವತ್ತಿಗೂ ಸುಳ್ಳು ಹೇಳಲ್ಲ.

ಸಿಟ್ಟಿಗೆ ನನಗೆ ಕಣ್ಣು ಕಾಣದ ಹಾಗಾಗಿತ್ತು. "ಯಾರಯ್ಯ ಕದ್ದೋರು? ತಡಿ, ನಿಮ್ಮಪ್ಪನ್ನೇ ಕೇಳೋಣ," ಅಂತ ಓಡಿಸೋ ಗುಂಡಿ ಒತ್ತಿದೆ. ಚಕ್ರಗಳು ಗಿರಗಿರ ತಿರುಗಿದವು. ಪಟ್, ಪಟ್ ಅಂತ ಅಂಟು ಬಿಟ್ಟಾಗ ಕೈಯಿಂದ ಹಿಡಿದು ಸೇರಿಸಿ ಮತ್ತೆ ಓಡಿಸಿದೆ. ಆ ಜಾಗ ಸಿಕ್ಕಿತು. ವೇಗದ ಗುಂಡಿ ತಿರುಗಿಸಿ, ವಾಲ್ಯೂಮು ಪೂರ್ತಿ ಎತ್ತಿದೆ.

"ಕೇಳ್ತು ಬಿಡಮ್ಮ. ಒಳಗಡೆ ಒಡಕಿದೆ. ನಂಗೂ ಕೇಳ್ತು."

ಕೂತಿದ್ದವರೆಲ್ಲ ಎದ್ದು ನಿಂತರು. ಹೆದರಿ ಎದ್ದಿದ್ದಲ್ಲ. ದೊಡ್ಡಾಚಾರಿಗಳು ಶೆಡ್ಡಿನ ಒಳಗೆ ಬಂದ್ರೆ ಏಳ್ತಿದ್ದ ಹಾಗೆ, ಅಭ್ಯಾಸಕ್ಕೆ ಎದ್ದರು. ಸತ್ತು ಹತ್ತು ವರ್ಷ ಆಗಿದ್ದ ಮನುಷ್ಯ ಅಷ್ಟು ಹತ್ತಿರದಿಂದ ಮಾತಾಡ್ತಿದ್ದರು, ಅವರು ಕೂರ್ತಿದ್ದ ಜಾಗದಲ್ಲೇ ನನ್ನ ಸ್ಪೀಕರ್ ಡಬ್ಬಿ ಇತ್ತು. "ನೀನು ಯಾರ ಮುಂದೇನೂ ಬಾಯಿ ಬಿಡಬೇಡ." ನಾನು ಅಷ್ಟಕ್ಕೆ ಬಿಡಲಿಲ್ಲ. ಹಿಂದಕ್ಕೆ ತಿರುಗಿಸಿ ಎರಡನೇ ಸಲ ಹಾಕಿದೆ. ಮೂರನೇ ಸಲವೂ ಹಾಕಿದೆ. ಕೇಳಿಸ್ತಾ, ಕೇಳಿಸ್ತಾ ಅಂತ ತಮ್ಮನ ಮುಖಕ್ಕೆ ಕೈ ತೋರಿಸಿ ಕೇಳಿದೆ.

ಅವನಿಗೆ ಕೇಳಿಸಿತ್ತು. ಒಂದೇ ಸಲಕ್ಕೆ ಕೇಳಿಸಿತ್ತು. ನೆಲಕ್ಕೆ ಕುಸಿದು, ತೆವಳಿಕೊಂಡೇ ಹೋಗಿ ಅಕ್ಕನ ಕಾಲು ಹಿಡಿದ. ಹಿರಿಯರು ಗೋಡೆಯ ಗೂಟದಲ್ಲಿದ್ದ ಸಣ್ಣ ಸುತ್ತಿಗೆ ತಂದು ಆಕೆಯ ಕೈಗಿಟ್ಟು, "ತಪ್ಪಾಯ್ತಮ್ಮ" ಅಂದರು. ಒಬ್ಬಿಬ್ಬರು ಅಳ್ತಿದ್ದರು. ನನಗೆ ಎದೆ ಉಬ್ಬಿತ್ತು. ಹದಿನಾಲ್ಕು ವರ್ಷದ ಅನ್ಯಾಯ ನನ್ನಿಂದ ಹತ್ತು ನಿಮಿಷಕ್ಕೆ ತೀರಿತು ಅಂತ ಹೆಮ್ಮೆ ಪಟ್ಟೆ.

ಆಕೆ ತಮ್ಮನ ತಲೆ ಸವರಿದರು. ಸುತ್ತಿಗೆಯನ್ನ ಪಕ್ಕಕ್ಕಿಟ್ಟರು. ಎಲ್ಲರೂ ಸಮಾಧಾನ ಆಗೋವರೆಗೆ ಕಾದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಮೊದಲಿಂದ ಹಾಕಪ್ಪ," ಅಂದರು.

ಚಕ್ರ ಹಿಂದಕ್ಕೆ ತಿರುಗಿಸಿದೆ. ಟೇಪು ಗೇಣು ಗೇಣಾಗಿ ನನ್ನ ಮಡಿಲಿಗೆ ಬಿತ್ತು. ಕೈಯೆಲ್ಲ ಕಂದು ಪುಡಿ. ಎಲ್ಲಾ ಚೂರೂ ಒಂದೇ ಥರ, ಯಾವುದು ಮುಂದಿನದು ಯಾವುದು ಹಿಂದಿನದು ಅಂತ ಹೇಳೋಕೆ ಒಂದು ಗುರುತಿಲ್ಲ. ನಾನು ಚೂರುಗಳನ್ನ ಆರಿಸ್ತಾನೇ ಇದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಅಂತಾರಲ್ಲ, ಆ ಮೂಗು ನಂದಾಗಿದ್ರೆ ಚಿಂತೆ ಇರಲಿಲ್ಲ.

ಮನೆಗೆ ತಂದು ಹೆಂಡತಿ ನಾನು ಒಂದು ವಾರ ಕೂತು ಅಂಟಿಸಿದೆವು. ಹಾಕಿದ್ರೆ ಸೊಂಯ್, ನಡುನಡುವೆ ಯಾರೋ ಗಂಟಲು ಸರಿ ಮಾಡಿಕೊಂಡ ಹಾಗೆ ಒಂದು ಚೂರು ಸದ್ದು. ಪಕ್ಕದಲ್ಲಿಟ್ಟಿದ್ದ ಕ್ಯಾಸೆಟ್ಟಿನಲ್ಲಿ ಮೊದಲ ನಾಲ್ಕು ನಿಮಿಷ ಇದೆ, ಆಮೇಲೆ ಉದ್ದಕ್ಕೂ ನನ್ನದೇ ಕೂಗಾಟ. ಆ ಕ್ಯಾಸೆಟ್ಟನ್ನ ಆಕೆಗೆ ಕೊಡೋ ಮುಖ ನನಗಿರಲಿಲ್ಲ, ಆದ್ರೂ ಕೊಟ್ಟೆ.

ಊರವರು ಆಕೆಗೆ ಮರ್ಯಾದೆ ವಾಪಸ್ ಕೊಟ್ಟರು. ಮುಳಬಾಗಿಲು ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು, ಅಮ್ಮಾ ಈ ಕಲ್ಲು ಕೇಳಿ ಹೇಳಿ ಅನ್ನೋರು. ಆಕೆ ತಟ್ಟಿ ಹೇಳೋರು. ಟೇಪಿನ ಮಾತು ಬಂದ್ರೆ ಎಲ್ಲರೂ ದೊಡ್ಡಾಚಾರಿಗಳ ಆ ನಾಲ್ಕು ಮಾತನ್ನೇ ನೆನಪಿಸಿಕೊಳ್ಳೋರು. ಅದರ ಹಿಂದೆ ಮುಂದೆ ಏನಿತ್ತು ಅಂತ ಒಬ್ಬರೂ ಕೇಳಲಿಲ್ಲ.

ನಾನು ತಿಂಗಳಿಗೊಂದು ಸಲ ಹೋಗ್ತಿದ್ದೆ. ಕ್ಷಮಿಸಿ ಅಂತ ಕೇಳೋಕೆ ಹೋದ ಮೊದಲ ದಿನವೇ ಆಕೆ, "ಅದು ಬಿಡು. ಪೂರ್ತಿ ಕೇಳಿರೋನು ನೀನೊಬ್ಬನೇ, ನಿನ್ನ ಹೆಂಡತಿ ಬಿಟ್ಟರೆ. ಹೆಂಗಿತ್ತು ಹೇಳು. ಮೊದಲಿಂದ ಹೇಳು," ಅಂದರು.

ನಾನು ಅದನ್ನ ಕೇಳಿದ್ದು ಪ್ಲಗ್ಗಿನ ಮೇಲೆ ಕೈ ಇಟ್ಟುಕೊಂಡು, ಯಾವಾಗ ಮುಗಿಯುತ್ತೋ ಅಂತ ಕಾಯ್ತಾ. ಅದನ್ನ ಹೇಗೆ ಹೇಳೋದು? ಬಂದಷ್ಟು ಹೇಳಿದೆ. ಗುಂಯ್ ಅಂತ ಶುರುವಾಯ್ತು, ಎರಡನೇದು ಪಕ್ಕ ಬಂತು, ನಡುಗ್ತು. "ಎರಡಲ್ಲ, ಅಲ್ಲಿ ಮೂರಿವೆ. ಮೂರನೇದು ಸಣ್ಣದು, ಗಮನ ಇಟ್ಟು ನೆನಪು ಮಾಡ್ಕೋ," ಅನ್ನೋರು. ಅಳು ಥರದ್ದು ಬಂತು ಅಂದ್ರೆ, "ಅದು ಎರಡು ಸಲ ಬರುತ್ತೆ. ಎರಡನೇ ಸಲ ಎಲ್ಲಿ ಬಂತು?" ಅನ್ನೋರು. ನಾನು ತಡಕಾಡ್ತಿದ್ದೆ, ಆಕೆ ತಿದ್ದುತ್ತಿದ್ದರು. ಬಾಯಲ್ಲಿ ದನಿ ಮಾಡಿ ತೋರಿಸ್ತಿದ್ದೆ, ಆಕೆ ತಲೆ ವಾಲಿಸಿ ಕಣ್ಣು ಮುಚ್ಚಿ ಕೇಳೋರು. ಒಂದು ಸಲ ಹೆಂಡತಿಯನ್ನೂ ಕರಕೊಂಡು ಹೋದೆ. ಅವಳು ನನಗಿಂತ ಚೆನ್ನಾಗಿ ಹೇಳಿದಳು, ಆದ್ರೆ ಅವಳೂ ಕೇಳಿದ್ದು ಒಂದೇ ಸಲ.

ಎರಡು ವರ್ಷ ಹೀಗೇ ನಡೀತು. ನನಗೆ ಗೊತ್ತಿಲ್ಲದ ಹಾಗೆ ನಾನು ಹೇಳೋದು ಒಂದೇ ಥರ ಆಗ್ತಾ ಬಂತು, ಪಾಠ ಒಪ್ಪಿಸಿದ ಹಾಗೆ. ಆಕೆ ತಿದ್ದೋದು ಕಮ್ಮಿ ಆಯಿತು. ನಾನು ಸರಿಯಾಗಿ ಹೇಳ್ತಿದೀನಿ ಅಂತ ಒಳಗೊಳಗೇ ಖುಷಿಪಟ್ಟೆ.

ಆಕೆ ತಿದ್ದದೇ ಇರೋದು ನಾನು ಸರಿ ಹೇಳ್ತಿರೋದಕ್ಕಾ ಅಂತ ಒಂದು ದಿನ ನನಗೇ ಅನುಮಾನ ಬಂತು. ಕೊನೆಗೆ ಬರೋ ಮೂರು ಗುಂಯ್ ಹೇಳೋವಾಗ, ಬೇಕಂತಲೇ, ಐದು ಅಂದೆ. ಆಕೆ ಕಣ್ಣು ಮುಚ್ಚಿಕೊಂಡು ಐದನ್ನೂ ಕೇಳಿ, ಹೌದು ಅಂತ ತಲೆ ಆಡಿಸಿದರು.